ಪ್ರವಾಸಕ್ಕೆ ಫಿಲ್ಮ್ ಕ್ಯಾಮೆರಾ: ಜೇಬಿನ ಆಟೋಫೋಕಸ್ಸೋ, ಕೈಯಲ್ಲಿ ತಿರುಗಿಸುವ ರೇಂಜ್‌ಫೈಂಡರೋ?

ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವವರಿಗೆ ನಾನು ಮೊದಲು ಕೇಳುವ ಪ್ರಶ್ನೆ ಲೆನ್ಸಿನದ್ದಲ್ಲ, ದುಡ್ಡಿನದ್ದೂ ಅಲ್ಲ. ‘ಊರು ಸುತ್ತಲು ಯಾರ ಜೊತೆ ಹೋಗುತ್ತೀರಿ?’ ಎಂದು ಕೇಳುತ್ತೇನೆ. ಮನೆಮಂದಿಯೆಲ್ಲ ಒಂದು ವ್ಯಾನಿನಲ್ಲಿ ತುಂಬಿಕೊಂಡು ಬೆಳಿಗ್ಗೆ ಶ್ರೀರಂಗಪಟ್ಟಣ, ಮಧ್ಯಾಹ್ನ ಮೇಲುಕೋಟೆ, ಸಂಜೆ ಕೆಆರ್‌ಎಸ್ ಎಂದು ಓಡುವವರಾದರೆ ನಿಮಗೆ ಬೇಕಾದದ್ದು ತಾನೇ ಫೋಕಸ್ ಮಾಡಿಕೊಳ್ಳುವ ಪುಟ್ಟ ಆಟೋಫೋಕಸ್ ಕ್ಯಾಮೆರಾ. ಒಬ್ಬರೇ, ಇಲ್ಲವೇ ಎಲ್ಲೆಂದರಲ್ಲಿ ಬೈಕ್ ನಿಲ್ಲಿಸಲು ಒಪ್ಪುವ ಗೆಳೆಯನ ಜೊತೆ ಹೊರಡುವವರಾದರೆ ಲೆನ್ಸಿನ ಬಳೆ ತಿರುಗಿಸಿ ನೀವೇ ಫೋಕಸ್ ಮಾಡಬೇಕಾದ ರೇಂಜ್‌ಫೈಂಡರ್. ಚಿತ್ರದ ಗುಣಮಟ್ಟ ಯಾವುದರಲ್ಲಿ ಮೇಲು ಎಂದು ತಲೆ ಕೆಡಿಸಿಕೊಳ್ಳುವುದು ಬೇಡ. ಎರಡರೊಳಗೂ ಹೋಗುವುದು ಅದೇ 35 ಎಂಎಂ ಫಿಲ್ಮು, ಒಳ್ಳೆಯ ಲೆನ್ಸುಗಳು ಎರಡು ಕಡೆಯೂ ಇವೆ. ವ್ಯತ್ಯಾಸವಿರುವುದು ಕಾಯುವ ವಿಷಯದಲ್ಲಿ. ನೀವು ಕಾಯಬಲ್ಲಿರಾ, ನಿಮ್ಮ ಜೊತೆಗಿರುವವರು ನಿಮಗಾಗಿ ಕಾಯುತ್ತಾರಾ?

ಹೆಸರುಗಳನ್ನು ಮೊದಲೇ ಹೇಳಿಬಿಡುತ್ತೇನೆ. ಜೇಬಿನ ಕ್ಯಾಮೆರಾಗಳಲ್ಲಿ ಹೆಚ್ಚು ಜನ ಹುಡುಕುವುದು 1997ರ ಒಲಿಂಪಸ್ ಮ್ಯೂ-2. ಯಾಶಿಕಾ ಟಿ4, ರಿಕೋ ಜಿಆರ್1, ಕಾಂಟಾಕ್ಸ್ ಟಿ2 ಅದೇ ಕುಲದವು, ಬೆಲೆಯಲ್ಲಿ ಮಾತ್ರ ಬೇರೆ ಬೇರೆ ಅಂತಸ್ತು. ರೇಂಜ್‌ಫೈಂಡರ್‌ಗಳಲ್ಲಿ ಸಾಮಾನ್ಯರ ಕೈಗೆಟುಕುವವು ಯಾಶಿಕಾ ಎಲೆಕ್ಟ್ರೋ 35, ಕ್ಯಾನನ್ ಕಂಪನಿಯ ಕ್ಯಾನೊನೆಟ್ ಕ್ಯೂಎಲ್17 ಜಿ3, ಸೋವಿಯತ್ ಒಕ್ಕೂಟದ ಜೋರ್ಕಿ-4. ಇವುಗಳ ಮೇಲೆ 1954ರ ಎಂ3ಯಿಂದ ಆರಂಭವಾದ ಲೈಕಾ ಎಂ ವಂಶವಿದೆ. ಅದನ್ನು ಕೊಳ್ಳುವ ಶಕ್ತಿಯಿರುವವರು ಇಂಥ ಲೇಖನ ಓದಿ ತೀರ್ಮಾನಿಸುವವರಲ್ಲ. ಇನ್ನು ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಸಿಗುವ ಕೊಡಕ್ ಕೆಬಿ10ನಂಥದ್ದನ್ನು ಆಟೋಫೋಕಸ್ ಎಂದುಕೊಳ್ಳಬೇಡಿ. ಅದರಲ್ಲಿ ಫೋಕಸ್ ಕಾರ್ಖಾನೆಯಲ್ಲೇ ಕುಳಿತುಬಿಟ್ಟಿದೆ, ಹತ್ತಿರದ್ದಕ್ಕೂ ದೂರದ್ದಕ್ಕೂ ಒಂದೇ.

ಫೋಕಸ್ ಆಗುವ ಬಗೆ

ಮ್ಯೂ-2ನಂಥ ಕ್ಯಾಮೆರಾದಲ್ಲಿ ಗುಂಡಿಯನ್ನು ಅರ್ಧ ಒತ್ತಿದರೆ ಕಣ್ಣಿಗೆ ಕಾಣದ ಅತಿಗೆಂಪು ಕಿರಣ ಹೊರಟು ಎದುರಿನ ವಸ್ತುವಿಗೆ ತಾಗಿ ಮರಳುತ್ತದೆ. ಮರಳಿ ಬಂದ ಕೋನದಿಂದ ದೂರ ಲೆಕ್ಕವಾಗಿ ಲೆನ್ಸು ಅಷ್ಟಕ್ಕೆ ಸರಿಯುತ್ತದೆ. ಕತ್ತಲಿದ್ದರೂ ಅಡ್ಡಿಯಿಲ್ಲ, ಏಕೆಂದರೆ ಬೆಳಕನ್ನು ಅದೇ ಕಳಿಸುತ್ತಿದೆ. ಆದರೆ ಗಾಜು ಅಡ್ಡ ಬಂದರೆ ಅದಕ್ಕೆ ಮಂಕು ಕವಿಯುತ್ತದೆ. ಬೆಂಗಳೂರಿನಿಂದ ಮೈಸೂರಿಗೆ ಬರುವ ರೈಲಿನ ಎಸಿ ಬೋಗಿಯಲ್ಲಿ ಕುಳಿತು, ಮದ್ದೂರು ದಾಟಿದ ಮೇಲಿನ ಕಬ್ಬಿನ ಗದ್ದೆಯನ್ನು ಕಿಟಕಿಯಿಂದ ತೆಗೆದರೆ, ಕ್ಯಾಮೆರಾ ಗದ್ದೆಯನ್ನು ಬಿಟ್ಟು ಕಿಟಕಿಯ ಗಾಜನ್ನೇ ನಂಬಿಕೊಂಡಿರುವ ಸಾಧ್ಯತೆ ಹೆಚ್ಚು. ಕೆಲವು ಕ್ಯಾಮೆರಾಗಳಲ್ಲಿ ಬೆಟ್ಟದ ಗುರುತಿರುವ ಗುಂಡಿಯೋ ಅನಂತ ದೂರದ ಸೌಲಭ್ಯವೋ ಇರುತ್ತದೆ. ರೈಲು ಬಸ್ಸುಗಳಲ್ಲಿ ಚಿತ್ರ ತೆಗೆಯುವ ಚಟವಿದ್ದರೆ ಅದು ಇರುವುದನ್ನೇ ಆರಿಸಿ. ಇನ್ನೊಂದು ಹಳೆಯ ತೊಂದರೆಯೂ ಇದೆ. ಗಂಡ ಹೆಂಡತಿ ಅಕ್ಕಪಕ್ಕ ನಿಂತು ನಡುವೆ ಒಂದು ಗೇಣು ಜಾಗ ಬಿಟ್ಟರೆ ಕಿರಣ ಆ ಸಂದಿಯಲ್ಲಿ ನುಗ್ಗಿ ಹಿಂದಿನ ಗೋಡೆಗೆ ಫೋಕಸ್ ಮಾಡುವುದುಂಟು. ಒಬ್ಬರ ಮುಖವನ್ನು ನಡುವೆ ಇಟ್ಟು, ಗುಂಡಿ ಅರ್ಧ ಒತ್ತಿ ಹಿಡಿದು, ಬಳಿಕ ಚೌಕಟ್ಟು ಸರಿಪಡಿಸಿಕೊಂಡರೆ ಮುಗಿಯಿತು. ಆದರೆ ಕ್ಯಾಮೆರಾವನ್ನು ದಾರಿಹೋಕರ ಕೈಗೆ ಕೊಟ್ಟು ‘ನಮ್ಮದೊಂದು ತೆಗೆಯಿರಿ’ ಎನ್ನುವಾಗ ಇಷ್ಟೆಲ್ಲ ಪಾಠ ಹೇಳಲು ಯಾರಿಗೆ ಪುರುಸೊತ್ತು?

ರೇಂಜ್‌ಫೈಂಡರ್‌ನಲ್ಲಿ ಎರಡು ಕಿಟಕಿಗಳು. ನೀವು ನೋಡುವ ಕಿಂಡಿಯ ನಡುವೆ ಒಂದು ಮಸುಕು ಹಳದಿ ಚೌಕ, ಅದರಲ್ಲಿ ಎದುರಿನ ವಸ್ತು ಎರಡೆರಡಾಗಿ ಕಾಣುತ್ತದೆ. ಲೆನ್ಸಿನ ಬಳೆಯನ್ನು ತಿರುಗಿಸುತ್ತ ಹೋದಂತೆ ಎರಡು ಆಕೃತಿಗಳು ಒಂದರ ಮೇಲೊಂದು ಕೂರುತ್ತವೆ, ಕೂತಾಗ ಫೋಕಸ್ ಆಯಿತು. ವಸ್ತುವಿನಲ್ಲಿ ಒಂದು ನೆಟ್ಟನೆಯ ಅಂಚು ಬೇಕು, ಅಷ್ಟೇ. ಮುಂಡಾಸಿನ ಮಡಿಕೆ, ಬಾಗಿಲ ಚೌಕಟ್ಟು, ಕನ್ನಡಕದ ಕಡ್ಡಿ, ಯಾವುದಾದರೂ ಆದೀತು. ತಮಾಷೆಯೆಂದರೆ 1977ರಲ್ಲಿ ಬಂದ ಕೊನಿಕಾ ಸಿ35 ಎಎಫ್, ಅಂದರೆ ಮಾರುಕಟ್ಟೆಗೆ ಬಂದ ಮೊದಲ ಆಟೋಫೋಕಸ್ ಕ್ಯಾಮೆರಾ, ಮಾಡಿದ್ದೂ ಇದೇ ಕೆಲಸವನ್ನು. ಎರಡು ಕಿಟಕಿಯ ಬಿಂಬಗಳನ್ನು ಹೋಲಿಸುವ ಹೊಣೆಯನ್ನು ನಮ್ಮ ಕಣ್ಣಿನಿಂದ ತೆಗೆದು ಸರ್ಕ್ಯೂಟಿಗೆ ವಹಿಸಿತು.

ಆಲೆಮನೆಯಲ್ಲಿ

ಎರಡೂ ಕ್ಯಾಮೆರಾಗಳ ಗುಣಾವಗುಣ ಒಂದೇ ಕಡೆ ಬಯಲಾಗಬೇಕಾದರೆ ಮಂಡ್ಯದ ಸುತ್ತಿನ ಯಾವುದಾದರೂ ಆಲೆಮನೆಗೆ ಹೋಗಿ ನೋಡಿ. ಹೊರಗೆ ಗಾಣದಿಂದ ಕಬ್ಬಿನ ಹಾಲು ಇಳಿಯುತ್ತಿರುತ್ತದೆ, ಅಂಗಳದಲ್ಲಿ ಸಿಪ್ಪೆ ಒಣಗುತ್ತಿರುತ್ತದೆ, ಕಣ್ಣು ಕೋರೈಸುವ ಬಿಸಿಲು. ಎರಡು ಹೆಜ್ಜೆ ಒಳಗಿಟ್ಟರೆ ಮಸಿ ಹಿಡಿದ ಚಾವಣಿ, ಒಲೆಯ ಬಾಯಿಯಿಂದ ಕೆಂಡದ ಬೆಳಕು, ಕೊಪ್ಪರಿಗೆಯ ಮೇಲೆ ಆವಿಯ ಗೋಡೆ. ಆವಿಯ ಆಚೆಗೆ ಉದ್ದ ಹಿಡಿಯ ಜಾಲರಿಯಿಂದ ಮಡ್ಡಿ ತೆಗೆಯುವ ಮನುಷ್ಯ ಒಮ್ಮೆ ಕಾಣುತ್ತಾನೆ, ಒಮ್ಮೆ ಮರೆಯಾಗುತ್ತಾನೆ.

ಜೇಬಿನ ಕ್ಯಾಮೆರಾ ಇಲ್ಲಿ ಮೊದಲು ಮಾಡುವುದು ಫ್ಲ್ಯಾಶ್ ಹೊಡೆಯುವುದು. ಬೆಳಕು ಆವಿಗೆ ಬಡಿದು ಹಿಂದಿರುಗಿ ಚಿತ್ರವೆಲ್ಲ ಬಿಳಿ ಮಬ್ಬಾಗುತ್ತದೆ, ಒಲೆಯ ಕೆಂಪು ಎಲ್ಲಿ ಹೋಯಿತೋ ತಿಳಿಯುವುದಿಲ್ಲ. ಫ್ಲ್ಯಾಶ್ ಆರಿಸಬಹುದು ನಿಜ. ಆದರೆ ಮ್ಯೂ-2ರ ದುರಭ್ಯಾಸ ಏನೆಂದರೆ ಮುಚ್ಚಳ ಸರಿಸಿ ಮುಚ್ಚಿದ ಕೂಡಲೇ ನೀವು ಆರಿಸಿದ್ದನ್ನು ಮರೆತು, ಮುಂದಿನ ಸಲ ತೆರೆದಾಗ ಮತ್ತೆ ಆಟೋ ಫ್ಲ್ಯಾಶಿಗೇ ಹೋಗಿ ಕೂತಿರುತ್ತದೆ. ಪ್ರತಿ ಸಲವೂ ಗುಂಡಿ ಒತ್ತಿ ಹೇಳಬೇಕು. ಅಷ್ಟಾದ ಮೇಲೂ ಕಿರಣ ಆವಿಗೆ ತಾಗಿತೋ, ಆವಿಯ ಹಿಂದಿನವನಿಗೆ ತಾಗಿತೋ ಎಂಬುದು ರೀಲು ತೊಳೆಸಿದ ಮೇಲೆಯೇ ಗೊತ್ತಾಗಬೇಕು.

ಎಲೆಕ್ಟ್ರೋ 35 ಹಿಡಿದವನ ಸ್ಥಿತಿ ಬೇರೆ. ಲೆನ್ಸನ್ನು ಎಫ್ 1.7ಕ್ಕೆ ಪೂರ್ತಿ ತೆರೆದು, ಹಳದಿ ಚೌಕವನ್ನು ಕೊಪ್ಪರಿಗೆಯ ಆಚೆ ಅಂಚಿನ ಮೇಲೋ, ಆ ಮನುಷ್ಯನ ತಲೆವಸ್ತ್ರದ ಅಂಚಿನ ಮೇಲೋ ಕೂರಿಸಿ ಸುಮ್ಮನೆ ನಿಲ್ಲುತ್ತೀರಿ. ಗುಂಡಿಯನ್ನು ತುಸು ಒತ್ತಿದಾಗ ಕಿಂಡಿಯೊಳಗೆ ಹಳದಿ ಬಾಣ ಹೊತ್ತಿದರೆ ಷಟರ್ ನಿಧಾನವಾಗಿದೆ, ಕೈ ಅಲುಗೀತು ಎಂಬ ಎಚ್ಚರಿಕೆ. ಕಂಬಕ್ಕೆ ಭುಜ ಒರಗಿಸಿಕೊಂಡು, ಉಸಿರು ಬಿಗಿಹಿಡಿದು, ಆವಿ ಒಂದು ಗಳಿಗೆ ಸರಿದಾಗ ಒತ್ತಿದರೆ ಆಯಿತು. ಲೆನ್ಸಿನೊಳಗಿನ ಎಲೆ ಷಟರಿನ ಸದ್ದು ಒಲೆಯ ಉರಿಯ ಸದ್ದಿನಲ್ಲಿ ಕೇಳಿಸುವುದೂ ಇಲ್ಲ. ಆದರೆ ಒಂದು ಲೆಕ್ಕ ನೆನಪಿರಲಿ. 45 ಎಂಎಂ ಲೆನ್ಸು, ಎಫ್ 1.7, ಎದುರಿನವನು ಎರಡು ಮೀಟರ್ ದೂರ. ಸ್ಪಷ್ಟವಾಗಿರುವ ಆಳ ಹೆಚ್ಚೂಕಡಿಮೆ 20 ಸೆಂಟಿಮೀಟರ್. ಅವನು ಒಂದು ಹೆಜ್ಜೆ ಮುಂದೆ ಬಾಗಿದರೆ ಮತ್ತೆ ಬಳೆ ತಿರುಗಿಸಬೇಕು. ನಿಮ್ಮ ಮನೆಯವರು ಹೊರಗೆ ಬಿಸಿಲಿನಲ್ಲಿ ಕಬ್ಬಿನ ಹಾಲು ಕುಡಿದು ಲೋಟ ಇಟ್ಟು ‘ಇನ್ನೂ ಆಗಲಿಲ್ಲವೇ?’ ಎಂದು ಕೂಗುತ್ತಿದ್ದರೆ ಈ ಆಟವನ್ನು ಆಡಲು ಸಾಧ್ಯವಿಲ್ಲ.

ಮನೆಮಂದಿಯ ಜೊತೆ

ಈಗ ಅದೇ ದಿನದ ಇನ್ನೊಂದು ಮುಖ ನೋಡೋಣ. ದರಿಯಾ ದೌಲತ್ ತೋಟದಲ್ಲಿ ಮಕ್ಕಳು ಓಡುತ್ತಿವೆ, ಅಜ್ಜಿ ಬೆಂಚಿನ ಮೇಲೆ ಕುಳಿತು ಸೆರಗು ಸರಿಪಡಿಸಿಕೊಳ್ಳುತ್ತಿದ್ದಾರೆ, ಭಾವನಿಗೆ ಊಟದ ಯೋಚನೆ. ಇಲ್ಲಿ ಪುಟ್ಟ ಕ್ಯಾಮೆರಾದ ಮುಂದೆ ಯಾವ ರೇಂಜ್‌ಫೈಂಡರೂ ನಿಲ್ಲುವುದಿಲ್ಲ. ಮ್ಯೂ-2 ಸೆಲ್ ಬಿಟ್ಟರೆ 135 ಗ್ರಾಂ, ಎಲೆಕ್ಟ್ರೋ ಮುಕ್ಕಾಲು ಕಿಲೋದ ಹತ್ತಿರ. ಒಂದು ಅಂಗಿಯ ಜೇಬಿನಲ್ಲಿರುತ್ತದೆ, ಇನ್ನೊಂದು ಕುತ್ತಿಗೆಯಲ್ಲಿ ನೇತಾಡಿ ಸಂಜೆಯ ಹೊತ್ತಿಗೆ ಭುಜ ನೋಯಿಸುತ್ತದೆ. ಮಧ್ಯಾಹ್ನದ ನೆತ್ತಿ ಬಿಸಿಲಿನಲ್ಲಿ ಎಲ್ಲರ ಕಣ್ಣಿನ ಕೆಳಗೂ ಕಪ್ಪು ನೆರಳು ಬಿದ್ದಿರುವಾಗ, ಆಲೆಮನೆಯಲ್ಲಿ ನಾವು ಬೈದ ಅದೇ ಫ್ಲ್ಯಾಶನ್ನು ಬಲವಂತವಾಗಿ ಹೊಡೆಸಿದರೆ ಮುಖಗಳು ಬೆಳಗುತ್ತವೆ. ರೀಲು ಹಾಕುವುದೂ ಸುಲಭ, ನಾಲಗೆಯನ್ನು ಗುರುತಿನವರೆಗೆ ಎಳೆದಿಟ್ಟು ಬಾಗಿಲು ಮುಚ್ಚಿದರೆ ಮೋಟಾರು ತಾನೇ ಸುತ್ತಿಕೊಳ್ಳುತ್ತದೆ. ಮುಗಿದಾಗ ತಾನೇ ಹಿಂದಕ್ಕೆ ಸುತ್ತುತ್ತದೆ. ಕ್ಯಾಮೆರಾವನ್ನು ಹತ್ತು ವರ್ಷದ ಮಗಳ ಕೈಗೆ ಕೊಟ್ಟು ನೀವೂ ಚಿತ್ರದಲ್ಲಿ ನಿಲ್ಲಬಹುದು. ರೇಂಜ್‌ಫೈಂಡರ್ ಕೊಂಡವನ ಮನೆಯ ಆಲ್ಬಮ್ಮಿನಲ್ಲಿ ಅವನೊಬ್ಬನೇ ಇರುವುದಿಲ್ಲ.

ಸೋಮನಾಥಪುರದಲ್ಲೂ ನಾನು ಪುಟ್ಟದಕ್ಕೇ ಮತ ಹಾಕುತ್ತೇನೆ, ಕಾರಣ ಮಾತ್ರ ಬೇರೆ. 13ನೇ ಶತಮಾನದ ಆ ಕೇಶವ ದೇಗುಲದ ಹೊರಗೋಡೆಯ ಕೆತ್ತನೆಯನ್ನು ಕಣ್ಣಿಗೆ ಹತ್ತಿರ ತಂದು ನೋಡಬೇಕು. ಆನೆಗಳ ಸಾಲು, ಕುದುರೆಗಳ ಸಾಲು, ಬೆರಳ ತುದಿಯಷ್ಟು ಒಡವೆ. ಮ್ಯೂ-2 35 ಸೆಂಟಿಮೀಟರಿನವರೆಗೆ ಹತ್ತಿರ ಹೋಗುತ್ತದೆ, ಎಲೆಕ್ಟ್ರೋ ಮತ್ತು ಕ್ಯಾನೊನೆಟ್ 80 ಸೆಂಟಿಮೀಟರಿಗೇ ನಿಲ್ಲುತ್ತವೆ. ಆದರೆ ಎರಡರಲ್ಲೂ ನೋಡುವ ಕಿಂಡಿ ಬೇರೆ, ತೆಗೆಯುವ ಲೆನ್ಸು ಬೇರೆ. ಅದರಿಂದ ಹತ್ತಿರದ ಶಿಲ್ಪದ ಕಿರೀಟ ಕತ್ತರಿಸಿಹೋಗುವ ಭಯ ಎರಡರಲ್ಲೂ ಇದೆ. ಎಲೆಕ್ಟ್ರೋದಲ್ಲಿ ಬಳೆ ತಿರುಗಿಸಿದಂತೆ ಕಿಂಡಿಯೊಳಗಿನ ಚೌಕಟ್ಟು ತಾನೇ ಸರಿಯುತ್ತದೆ. ಪುಟ್ಟದರಲ್ಲಿ ಹತ್ತಿರದ ಚಿತ್ರಕ್ಕೆಂದು ಹಾಕಿರುವ ಗೆರೆಯನ್ನು ನೀವೇ ನೋಡಿಕೊಳ್ಳಬೇಕು.

ಮಳೆಗಾಲದ ಗಗನಚುಕ್ಕಿಗೆ ಹೋಗುವವರಿಗೂ ತುಂತುರು ತಡೆಯುವ ಮ್ಯೂ-2 ಸರಿ. ರಂಗನತಿಟ್ಟಿನ ಹಕ್ಕಿಗಳಿಗೆ ಎರಡೂ ದಂಡ.

ಅರಮನೆ, ಜಂಬೂಸವಾರಿ

ಭಾನುವಾರ ಸಂಜೆ ಏಳಕ್ಕೆ ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಒಟ್ಟಿಗೆ ಹೊತ್ತಿಕೊಂಡಾಗ, ಎದುರಿನ ಜನಜಂಗುಳಿಯಲ್ಲಿ ನೂರಾರು ಫ್ಲ್ಯಾಶುಗಳೂ ಮಿನುಗುತ್ತವೆ. ಪುಟ್ಟ ಫ್ಲ್ಯಾಶಿನ ಬೆಳಕು ಹೋಗುವುದು ನಾಲ್ಕೈದು ಮೀಟರ್, ವೇಗದ ಫಿಲ್ಮ್ ಹಾಕಿದರೆ ಏಳೆಂಟು. ಮುಂದೆ ನಿಂತವರ ತಲೆಗೂದಲು ಚೆನ್ನಾಗಿ ಬರುತ್ತದೆ, ಅರಮನೆಗೆ ಅದರಿಂದ ಏನೂ ಆಗಬೇಕಾಗಿಲ್ಲ. ಜೇಬಿನ ಕ್ಯಾಮೆರಾದಲ್ಲಿ ಫ್ಲ್ಯಾಶ್ ಆರಿಸಿ, ಗೋಡೆಯ ಮೇಲೋ ಬ್ಯಾಗಿನ ಮೇಲೋ ಇಟ್ಟು, ಸ್ವಯಂಚಾಲಿತ ಟೈಮರಿನಿಂದ ತೆಗೆಯಿರಿ. ರೇಂಜ್‌ಫೈಂಡರಿನಲ್ಲಿ ಐಎಸ್‌ಒ 400 ಫಿಲ್ಮಿಗೆ (ಐಎಸ್‌ಒ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂದು ಹೇಳುವ ಅಂಕಿ) ಎಫ್ 2.8, ಸೆಕೆಂಡಿನ 1/30 ಭಾಗದಿಂದ ಆರಂಭಿಸಿ ಒಂದು ಮೆಟ್ಟಿಲು ಮೇಲೆ, ಒಂದು ಕೆಳಗೆ ತೆಗೆದುಕೊಳ್ಳಿ. ಇಲ್ಲಿ ಎಲೆಕ್ಟ್ರೋ ಪೂರ್ತಿ ಮ್ಯಾನುಯಲ್ ಅಲ್ಲ ಎಂಬುದನ್ನು ಹೇಳಿಬಿಡಬೇಕು. ಅಪರ್ಚರ್, ಅಂದರೆ ಲೆನ್ಸು ಎಷ್ಟು ತೆರೆಯಬೇಕೆಂಬುದು, ನಿಮ್ಮದು, ಷಟರ್ ವೇಗ ಅದರದ್ದು. ಎರಡನ್ನೂ ನೀವೇ ಇಡಬೇಕೆಂದರೆ ಕ್ಯಾನೊನೆಟ್ ಅಥವಾ ಜೋರ್ಕಿ ಬೇಕು.

ರೇಂಜ್‌ಫೈಂಡರ್ ನಿಧಾನ ಎಂಬ ಮಾತನ್ನು ಸುಳ್ಳು ಮಾಡುವ ಒಂದು ದಾರಿಯಿದೆ, ಅದು ಜಂಬೂಸವಾರಿಯ ದಿನ ಕೆಲಸಕ್ಕೆ ಬರುತ್ತದೆ. ಬಿಸಿಲಿದ್ದಾಗ ಐಎಸ್‌ಒ 200 ಫಿಲ್ಮಿಗೆ ಎಫ್ 11, 1/500 ಇಡಿ. ಕ್ಯಾನೊನೆಟ್ಟಿನ 40 ಎಂಎಂ ಲೆನ್ಸನ್ನು ಐದು ಮೀಟರಿಗೆ ತಿರುಗಿಸಿ ಬಿಟ್ಟುಬಿಡಿ. ಎರಡೂವರೆ ಮೀಟರಿನಿಂದ ದಿಗಂತದವರೆಗೆ ಎಲ್ಲವೂ ಸ್ಪಷ್ಟ. ಆಮೇಲೆ ಹಳದಿ ಚೌಕ ನೋಡುವ ಕೆಲಸವೇ ಇಲ್ಲ. ಚಿನ್ನದ ಅಂಬಾರಿ ಹೊತ್ತ ಆನೆ ತಿರುವಿನಲ್ಲಿ ಕಂಡಾಗ ಕ್ಯಾಮೆರಾ ಎತ್ತಿ ಒತ್ತುವುದು, ಅಷ್ಟೇ. ಕಿರಣ ಕಳಿಸಿ, ಲೆಕ್ಕ ಹಾಕಿ, ಲೆನ್ಸು ಸರಿಸುವ ಯಂತ್ರಕ್ಕಿಂತ ಇದು ಬೇಗ. ಮೋಡ ಕವಿದರೆ ಮಾತ್ರ ಈ ಏರ್ಪಾಡು ಕುಸಿಯುತ್ತದೆ.

ದೇವರಾಜ ಮಾರುಕಟ್ಟೆಯ ಬಗ್ಗೆ ಒಂದು ಮಾತು. ದೊಡ್ಡ ಬೆಳ್ಳಿ ಬಣ್ಣದ ಹಳೆ ಕ್ಯಾಮೆರಾ ಜನರನ್ನು ಗಾಬರಿಗೊಳಿಸುತ್ತದೆ, ಪುಟ್ಟದನ್ನು ಯಾರೂ ಗಮನಿಸುವುದಿಲ್ಲ ಎಂದು ಹೇಳುವವರಿದ್ದಾರೆ. ನನ್ನ ಅನುಭವ ತಿರುವುಮುರುವು. ಕುಂಕುಮದ ರಾಶಿಯ ಹಿಂದೆ ಕುಳಿತವರು ಹಳೆಯ ಯಾಶಿಕಾ ಕಂಡರೆ ‘ನಮ್ಮ ತಂದೆಯ ಹತ್ತಿರ ಇಂಥದ್ದೇ ಒಂದಿತ್ತು’ ಎಂದು ಮಾತಿಗಿಳಿಯುತ್ತಾರೆ. ಮಾತು ಬೆಳೆದ ಮೇಲೆ ಚಿತ್ರಕ್ಕೆ ಅಡ್ಡಿಯಿಲ್ಲ. ಸದ್ದಿಲ್ಲದೆ ಕದ್ದು ತೆಗೆಯಲು ಹೋದವರನ್ನೇ ಅವರು ಅನುಮಾನದಿಂದ ನೋಡುವುದು.

ಸೆಲ್ಲು, ರಿಪೇರಿ, ದುಡ್ಡು

ಇದು ನೀರಸ ಭಾಗ, ಆದರೆ ಕೊಂಡ ಮೇಲೆ ಅನುಭವಿಸಬೇಕಾದದ್ದು ಇದನ್ನೇ. ಮ್ಯೂ-2ಗೆ ಸಿಆರ್123ಎ ಎಂಬ 3 ವೋಲ್ಟಿನ ಲಿಥಿಯಂ ಸೆಲ್ ಬೇಕು, ಅದು ಸತ್ತರೆ ಕ್ಯಾಮೆರಾ ಕಲ್ಲು. ಹಳ್ಳಿಯ ಅಂಗಡಿಯಲ್ಲಿ ಸಿಗುವುದಿಲ್ಲ, ಒಂದನ್ನು ಜೊತೆಗಿಟ್ಟುಕೊಳ್ಳಿ. ಕ್ಯಾನೊನೆಟ್ಟಿಗೆ ಮೊದಲು ಇದ್ದದ್ದು 1.35 ವೋಲ್ಟಿನ ಪಾದರಸದ ಸೆಲ್, ಪಾದರಸ ವಿಷವೆಂಬ ಕಾರಣಕ್ಕೆ ಅದರ ತಯಾರಿಕೆ ನಿಂತಿದೆ. ಬದಲಿಗೆ ಶ್ರವಣಸಾಧನಕ್ಕೆ ಹಾಕುವ 675 ನಂಬರಿನ ಸಣ್ಣ ಸೆಲ್ಲನ್ನು ಸುತ್ತ ಒಂದು ಬಳೆಯಿಟ್ಟು ಕೂರಿಸಬಹುದು. ವೋಲ್ಟೇಜ್ 1.4, ಬೆಳಕು ಅಳೆಯುವ ಮೀಟರಿಗೆ ಸಾಕಷ್ಟು ಹತ್ತಿರ. ವಾಕ್ ಮತ್ತು ಶ್ರವಣ ಸಂಸ್ಥೆಯಿರುವ ಮೈಸೂರಿನಲ್ಲಿ ಈ ಸೆಲ್ಲಿಗೆ ಬರವಿಲ್ಲ. ಅಂಟುಪಟ್ಟಿ ಕಿತ್ತ ಮೇಲೆ ಬಳಸಿದರೂ ಬಳಸದಿದ್ದರೂ ಕೆಲವು ವಾರಗಳಲ್ಲಿ ಸೊರಗುತ್ತದೆ ಎಂಬುದೊಂದೇ ದೋಷ. ಸೆಲ್ ಇಲ್ಲದಿದ್ದರೂ ಕ್ಯಾನೊನೆಟ್ಟಿನ ಷಟರ್ ಎಲ್ಲ ವೇಗಗಳಲ್ಲೂ ನಡೆಯುತ್ತದೆ, ಮೀಟರ್ ಮಾತ್ರ ಇರುವುದಿಲ್ಲ. ಎಲೆಕ್ಟ್ರೋ ಹಾಗಲ್ಲ. ಸೆಲ್ ಸತ್ತರೆ 1/500 ಒಂದೇ ವೇಗ.

ರಿಪೇರಿಯ ವಿಷಯದಲ್ಲಿ ಪುಟ್ಟ ಕ್ಯಾಮೆರಾ ಸೋಲುತ್ತದೆ, ಅದೂ ಕೆಟ್ಟದಾಗಿ. ಸರ್ಕ್ಯೂಟು ಸುಟ್ಟರೆ, ಮೋಟಾರು ನಿಂತರೆ ಹೊಸ ಬಿಡಿಭಾಗವಿಲ್ಲ, ಇನ್ನೊಂದು ಸತ್ತ ಕ್ಯಾಮೆರಾದಿಂದ ಕಿತ್ತು ಹಾಕಬೇಕು. ಯಾಂತ್ರಿಕ ರೇಂಜ್‌ಫೈಂಡರನ್ನು ಗಡಿಯಾರದ ಕೆಲಸ ಬಲ್ಲ ಕೈ ಬಿಚ್ಚಿ ತೊಳೆದು ಮತ್ತೆ ಜೋಡಿಸಬಹುದು. ಅದಕ್ಕೇ, ಫ್ಯಾಷನ್ನಿನ ಬಿಸಿಯಲ್ಲಿ ಏರಿದ ಬೆಲೆ ಕೊಟ್ಟು ಕಾಂಟಾಕ್ಸ್ ಟಿ2ನಂಥದ್ದನ್ನು ಕೊಳ್ಳಬೇಡಿ ಎನ್ನುವುದು ನನ್ನ ಖಡಕ್ ಅಭಿಪ್ರಾಯ. ಮನೆಮಂದಿಯ ಪ್ರವಾಸಕ್ಕೆ ಹೆಸರಿಲ್ಲದ, ಆದರೆ ನಿಜವಾದ ಆಟೋಫೋಕಸ್ ಇರುವ ಯಾವುದಾದರೂ ಪೆಂಟಾಕ್ಸ್, ನಿಕಾನ್, ಕ್ಯಾನನ್ ಪುಟ್ಟ ಕ್ಯಾಮೆರಾ ಸಾಕು. ಸತ್ತರೆ ಅಳು ಬರಬಾರದು.

ಫಿಲ್ಮಿನ ಬಗ್ಗೆ ಒಂದು ಎಚ್ಚರಿಕೆ. ಸಿನಿಮಾ ಫಿಲ್ಮನ್ನು ಕತ್ತರಿಸಿ ಡಬ್ಬಿಗೆ ತುಂಬಿದ ರೋಲುಗಳು ಈಗ ಸಿಗುತ್ತವೆ. ಪುಟ್ಟ ಕ್ಯಾಮೆರಾ ಡಬ್ಬಿಯ ಮೇಲಿನ ಬೆಳ್ಳಿ ಚೌಕಗಳನ್ನು, ಅಂದರೆ 1983ರಲ್ಲಿ ಬಂದ ಡಿಎಕ್ಸ್ ಗುರುತನ್ನು ಮುಟ್ಟಿ ಐಎಸ್‌ಒ ತಿಳಿಯುತ್ತದೆ. ಗುರುತಿಲ್ಲದ ಡಬ್ಬಿ ಹಾಕಿದರೆ ಮ್ಯೂ-2 ಅದನ್ನು 100 ಎಂದೇ ಭಾವಿಸುತ್ತದೆ. ರೇಂಜ್‌ಫೈಂಡರಿನಲ್ಲಿ ಐಎಸ್‌ಒ ನೀವೇ ತಿರುಗಿಸಿ ಇಡುವುದರಿಂದ ಈ ಗೋಜಿಲ್ಲ. ಪಕ್ಕದ ಊಟಿಯಲ್ಲೇ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ‘ಇಂದು’ ಫಿಲ್ಮ್ ತಯಾರಿಸುತ್ತಿದ್ದ ಕಾಲ ಹೋಯಿತು, ಈಗ ಪ್ರತಿ ರೋಲೂ ಹೊರದೇಶದ್ದು, ದುಬಾರಿ. ಹೀಗಾಗಿ 36 ಚಿತ್ರಗಳನ್ನು ಎರಡು ದಿನ ಎಳೆಯುವ ರೇಂಜ್‌ಫೈಂಡರ್ ಅಷ್ಟರ ಮಟ್ಟಿಗೆ ಜೇಬಿಗೆ ಹಿತ. ಮೋಟಾರಿರುವ ಕ್ಯಾಮೆರಾ ಅದೇ ರೋಲನ್ನು ಬೃಂದಾವನದ ಕಾರಂಜಿಗಳ ಮುಂದೆಯೇ ಮುಗಿಸಿಬಿಡುತ್ತದೆ.

ಕೊಳ್ಳುವ ಮುನ್ನ

ಎರಡೂ ಹಳೆಯ ಮಾಲೇ, ಆದ್ದರಿಂದ ಕೈಯಲ್ಲಿ ಹಿಡಿದು ನೋಡದೆ ಕೊಳ್ಳಬೇಡಿ. ರೇಂಜ್‌ಫೈಂಡರನ್ನು ಅನಂತಕ್ಕೆ ತಿರುಗಿಸಿ, ದೂರದಿಂದ ಸಂತ ಫಿಲೋಮಿನಾ ಚರ್ಚಿನ ಗೋಪುರದ ತುದಿಯನ್ನು ನೋಡಿ. ಹಳದಿ ಚೌಕದೊಳಗೆ ತುದಿ ಒಂದೇ ಕಾಣಬೇಕು, ಎರಡಾಗಿ ಕಂಡರೆ ಅಥವಾ ಒಂದು ಮೇಲೆ ಒಂದು ಕೆಳಗೆ ನಿಂತಿದ್ದರೆ ಹೊಂದಾಣಿಕೆ ತಪ್ಪಿದೆ. ಎಲೆಕ್ಟ್ರೋ ಆದರೆ ಫಿಲ್ಮ್ ಎಳೆಯುವ ಲಿವರನ್ನು ಪೂರ್ತಿ ತಿರುಗಿಸಿ ಕಿವಿಗೊಡಿ, ಒಳಗಿನಿಂದ ‘ಟಕ್’ ಎಂಬ ಸದ್ದು ಬರಬೇಕು. ಬರದಿದ್ದರೆ ಒಳಗಿನ ಪುಟ್ಟ ರಬ್ಬರ್ ತುಂಡು ಕರಗಿಹೋಗಿದೆ, ಷಟರ್ ವೇಗಗಳು ನಂಬಿಕೆಗೆ ಅರ್ಹವಲ್ಲ. ಜೋರ್ಕಿ-4ರಲ್ಲಿ ಷಟರನ್ನು ಎಳೆದು ಸಜ್ಜು ಮಾಡಿದ ಮೇಲಷ್ಟೇ ವೇಗದ ಗುಂಡಿ ತಿರುಗಿಸಬೇಕು, ಮೊದಲೇ ತಿರುಗಿಸಿದರೆ ಒಳಗೆ ಹಾಳು. ಮಾರುವವನೇ ತಪ್ಪು ತಿರುಗಿಸುವುದನ್ನು ಕಂಡರೆ ನಮಸ್ಕಾರ ಹೇಳಿ ಬನ್ನಿ. ಗುಂಡಿ ಒತ್ತಿದಷ್ಟು ಹೊತ್ತೂ ಷಟರ್ ತೆರೆದಿರುವ ಬಿ ವೇಗದಲ್ಲಿ ಲೆನ್ಸನ್ನು ತೆರೆದು ಹಿಂದಿನಿಂದ ಬೆಳಕು ಬಿಟ್ಟು ನೋಡಿ, ಜೇಡರ ಬಲೆಯಂಥ ಎಳೆಗಳಿದ್ದರೆ ಫಂಗಸ್. ಹಿಂಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಹೆದರಬೇಡಿ, ಬದಲಿಸಲು ಹೆಚ್ಚು ಖರ್ಚಿಲ್ಲ.

ಪುಟ್ಟದರಲ್ಲಿ ನೋಡಬೇಕಾದದ್ದು ಕಡಿಮೆ. ಹೊಸ ಸೆಲ್ ಹಾಕಿ, ಮುಚ್ಚಳ ನಾಲ್ಕಾರು ಸಲ ತೆರೆದು ಮುಚ್ಚಿ, ಫ್ಲ್ಯಾಶ್ ತುಂಬಿಕೊಳ್ಳುತ್ತದೆಯೇ, ಒಂದು ಹಾಳು ರೋಲನ್ನು ಕೊನೆಯವರೆಗೆ ಎಳೆದು ಹಿಂದಕ್ಕೆ ಸುತ್ತುತ್ತದೆಯೇ ಎಂದು ಪರೀಕ್ಷಿಸಿ.

ಯಾವುದನ್ನು ಕೊಂಡರೂ ಮೊದಲ ರೋಲನ್ನು ಊರಿನಲ್ಲೇ ಮುಗಿಸಿ. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ಬೆಳಕಿನಲ್ಲಿ ಒಂದಿಷ್ಟು, ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ ಒಂದಿಷ್ಟು, ಒಂದೇ ವಸ್ತುವನ್ನು ಒಂದು ಮೀಟರ್, ಮೂರು ಮೀಟರ್, ಬಹಳ ದೂರ ಹೀಗೆ ಇನ್ನೊಂದಿಷ್ಟು. ತೊಳೆಸಿ ಬಂದ ನೆಗೆಟಿವ್‌ಗಳನ್ನು ನೋಡಿದ ಮೇಲೆಯೇ ಅದನ್ನು ಪ್ರವಾಸಕ್ಕೆ ಒಯ್ಯಿರಿ. ರೇಂಜ್‌ಫೈಂಡರ್ ಆದರೆ ಪ್ರತಿ ಚಿತ್ರಕ್ಕೂ ಮುನ್ನ ಲೆನ್ಸಿನ ಮುಚ್ಚಳ ತೆಗೆದಿದೆಯೇ ಎಂದು ಬೆರಳಿನಿಂದ ಮುಟ್ಟಿ ನೋಡುವ ಅಭ್ಯಾಸವನ್ನೂ ಆ ರೋಲಿನಲ್ಲೇ ಮಾಡಿಕೊಳ್ಳಿ, ಏಕೆಂದರೆ ಮುಚ್ಚಳವಿದ್ದರೂ ಕಿಂಡಿಯಲ್ಲಿ ಎಲ್ಲವೂ ಚೆನ್ನಾಗಿಯೇ ಕಾಣುತ್ತಿರುತ್ತದೆ.